ಎಂಟು ದಿನದ ನೀರು

ನಮ್ಮ ಸ್ಟೇಷನ್ನಿನ ಹೊಸ ಕಟ್ಟಡ ಉದ್ಘಾಟನೆಯಾದಾಗ ಊರಿನ ಹಿರಿಯರು ಒಂದು ಕರಪತ್ರ ಅಚ್ಚು ಹಾಕಿಸಿದರು. ಸ್ಟೇಷನ್ನಿನ ಇತಿಹಾಸ, ಅಲ್ಲಿರುವ ಸೌಲಭ್ಯ, ಎಲ್ಲ ಸೇರಿ ಒಂದು ಪುಟ ಬರೆದುಕೊಡು ಎಂದು ನನ್ನನ್ನು ಕೇಳಿದರು. ಊರಿನಲ್ಲಿ ಎಂ.ಎ. ಮಾಡಿದ ಹುಡುಗಿ ನಾನೊಬ್ಬಳೇ. ಬರೆದುಕೊಟ್ಟೆ. ಮೀಟರ್ ಗೇಜ್ ಕಾಲದ ಕೆಂಪು ಹೆಂಚಿನ ಕಟ್ಟಡ, ಗಂಟೆಯ ಬದಲು ತೂಗುಹಾಕಿದ್ದ ಕಂಬಿಯ ತುಂಡು, ಈಗಿನ ಬ್ರಾಡ್ ಗೇಜ್, ಎತ್ತರಿಸಿದ ಪ್ಲಾಟ್‌ಫಾರಂ, ನಾಲ್ಕು ಸಿಮೆಂಟ್ ಬೆಂಚು, ಎರಡು ನಲ್ಲಿ. ನಲ್ಲಿಯ ಮಾತು ಬಂದಾಗ ಒಂದು ವಾಕ್ಯ ಸೇರಿಸಿದ್ದೆ: 'ಹಿಂದೆ ಬೇಸಿಗೆಯಲ್ಲಿ ಹೆಂಗಸೊಬ್ಬಳು ಗಾಡಿಯ ಕಿಟಕಿಯಿಂದ ಕಿಟಕಿಗೆ ಓಡಾಡಿ ನೀರು ಕೊಡುತ್ತಿದ್ದಳು.'

ಹಿರಿಯರೊಬ್ಬರು ಕನ್ನಡಕ ಏರಿಸಿ ಓದಿ ಆ ವಾಕ್ಯದ ಮೇಲೆ ಗೀಟು ಎಳೆದರು.

"ಅದ್ಯಾಕಮ್ಮ ಇಲ್ಲಿ? ಸೌಲಭ್ಯ ಅಂದ್ರೆ ನಲ್ಲಿ, ಬೆಂಚು, ಫ್ಯಾನು. ಆಳುಕಾಳುಗಳನ್ನೆಲ್ಲ ಬರೀತಾರಾ?"

ಆ ಹೆಂಗಸು ನನ್ನ ಅಮ್ಮನೆಂಬುದು ಅವರಿಗೂ ಗೊತ್ತಿತ್ತು. ಗೀಟನ್ನು ನೋಡುತ್ತ ನನಗೆ ಏಳು ವರ್ಷದ ಹಿಂದೆ ನಾನೇ ಬರೆದ ಇನ್ನೊಂದು ಕಾಗದ ನೆನಪಾಯಿತು. ಅವತ್ತು ಅದರಲ್ಲಿ ಒಂದೇ ಒಂದು ವಾಕ್ಯವನ್ನು ಯಾರಾದರೂ ಹೀಗೆ ಹೊಡೆದುಹಾಕಿದ್ದರೆ ಸಾಕಿತ್ತು.

ಸ್ಟೇಷನ್ನಿನ ಹೆಸರು ಬರೆಯುವುದಿಲ್ಲ. ಯಲಹಂಕ ದಾಟಿದ ಮೇಲೆ ಗಾಡಿ ಎರಡು ನಿಮಿಷ ನಿಲ್ಲುವ ಜಾಗ ಅಂದರೆ ಸಾಕು. ಎಪ್ಪತ್ತರ ದಶಕದಲ್ಲಿ ಅಲ್ಲಿ ನಲ್ಲಿ ಇರಲಿಲ್ಲ. ಕಟ್ಟಡದ ಹಿಂದೆ ಒಂದು ಬಾವಿ, ಮುಂದೆ ಹೊಂಗೆ ಮರದ ಕೆಳಗೆ ಮರದ ಚೌಕಟ್ಟಿನ ಮೇಲೆ ಮೂರು ಮಣ್ಣಿನ ಮಡಕೆ. ಶಿವರಾತ್ರಿ ಕಳೆದು ಬಿಸಿಲೇರಿದ ಮೇಲೆ ಮಳೆ ಹಿಡಿಯುವವರೆಗೆ ಆ ಮಡಕೆ ತುಂಬಿಸಲು, ಗಾಡಿ ಬಂದಾಗ ಪ್ರಯಾಣಿಕರಿಗೆ ನೀರು ಹಾಕಲು ಒಬ್ಬರನ್ನು ದಿನಗೂಲಿಗೆ ಇಟ್ಟುಕೊಳ್ಳುತ್ತಿದ್ದರು. ಅಪ್ಪ ತೀರಿಕೊಂಡ ವರ್ಷ ಅಮ್ಮನಿಗೆ ಆ ಕೆಲಸ ಸಿಕ್ಕಿತು. ನನಗಾಗ ಎಂಟು ವರ್ಷ.

ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಉದ್ದ ಮೂತಿಯ ತಗಡಿನ ಚೊಂಬು. ಗಾಡಿ ನಿಲ್ಲುವ ಮುಂಚೆಯೇ ಅಮ್ಮ ಇಂಜಿನ್ನಿನ ತುದಿಗೆ ಹೋಗಿ ನಿಂತಿರುತ್ತಿದ್ದಳು. ಕಿಟಕಿಯ ಸರಳುಗಳಿಂದ ಬೊಗಸೆಗಳು ಹೊರಬರುತ್ತಿದ್ದವು. ಚೊಂಬಿನ ಮೂತಿ ಯಾರ ಕೈಗೂ ತಾಗದೆ ಸರಿಯಾಗಿ ಬೊಗಸೆಯ ನಡುವೆ ನೀರು ಬೀಳಬೇಕು. ಎರಡು ನಿಮಿಷದಲ್ಲಿ ಏಳು ಬೋಗಿ. ಕೆಲವರು ಬಾಯಾರಿದ್ದರೂ ಮೊದಲು ಕೇಳುತ್ತಿದ್ದರು.

"ಯಾವ ಜನಾಮ್ಮ ನೀನು?"

"ಬಾಯಾರಿದ್ರೆ ಕುಡೀರಿ ಸ್ವಾಮಿ. ಇಲ್ದಿದ್ರೆ ಮುಂದ್ಲ ಸ್ಟೇಷನ್ನಾಗೆ ಕೇಳ್ರಿ, ಅಲ್ಲಿ ನೀರಿಗಿಂತ ಮುಂಚೆ ಜಾತಿ ಕೊಡ್ತಾರೆ," ಎಂದು ಅಮ್ಮ ಮುಂದಿನ ಕಿಟಕಿಗೆ ಹೋಗುತ್ತಿದ್ದಳು. ಒಳಗೆ ನಗು ಏಳುತ್ತಿತ್ತು. ಕೇಳಿದವನೂ ಕೊನೆಗೆ ಬೊಗಸೆ ಒಡ್ಡುತ್ತಿದ್ದ.

ಮಳೆ ಬಂದರೆ ಕೆಲಸ ಹೋಗುತ್ತಿತ್ತು. ಉಳಿದ ತಿಂಗಳು ಚಿಕ್ಕಜಾಲದ ಕಡೆಯ ದ್ರಾಕ್ಷಿ ತೋಟಗಳಲ್ಲಿ ಕೂಲಿ. ಮರುವರ್ಷ ಬಿಸಿಲಿನ ಜೊತೆ ಮತ್ತೆ ಸ್ಟೇಷನ್. ನಿಗದಿಯಾದಷ್ಟು ದಿನ ಎಡೆಬಿಡದೆ ಕೆಲಸ ಮಾಡಿದವರಿಗೆ ಕಾಯಂ ಆಗುವ ಹಕ್ಕು ಬರುತ್ತದೆಂಬ ನಿಯಮ ಇತ್ತು. ಹಾಗಾಗಿಯೇ ಆ ದಿನಗಳು ತುಂಬುವ ಒಂದೆರಡು ವಾರ ಮುಂಚೆ ಹಾಜರಿಯ ಮಸ್ಟರ್ ಪುಸ್ತಕದಿಂದ ಹೆಸರು ತೆಗೆಯುತ್ತಿದ್ದರು. ಹನ್ನೊಂದು ಬೇಸಿಗೆ ಹೀಗೇ ಆಯಿತು.

ಹನ್ನೆರಡನೆಯ ವರ್ಷ ಮಳೆ ತಡವಾಯಿತು. ಆಗಿದ್ದ ಸ್ಟೇಷನ್ ಮಾಸ್ಟರು ಮೃದು ಮನುಷ್ಯ. ಬಿಸಿಲಿದೆ ಎಂಬ ಕಾರಣ ಬರೆದು ಅಮ್ಮನ ಹೆಸರನ್ನು ಮಸ್ಟರಿನಲ್ಲೇ ಉಳಿಸಿದರು. ದಿನ ತುಂಬಿತು. ಒಂದು ಸಂಜೆ ಅಮ್ಮನನ್ನು ಕರೆದರು. ಕಾಲೇಜಿನಿಂದ ಆಗ ತಾನೇ ಗಾಡಿ ಇಳಿದ ನಾನೂ ಹೋದೆ.

"ನೋಡಮ್ಮ, ಇನ್ನು ನಿನ್ನ ತೆಗೆಯೋ ಹಾಗಿಲ್ಲ. ಒಂದು ಅರ್ಜಿ ಕೊಡು, ಮೇಲಕ್ಕೆ ಕಳಿಸ್ತೀನಿ. ಬರೆಯೋಕೆ ಮಗಳೇ ಇದ್ದಾಳಲ್ಲ, ಬಿ.ಎ."

ಅಮ್ಮ ನನ್ನತ್ತ ನೋಡಿದಳು. ಅಂಥ ನೋಟ ಅದಕ್ಕೂ ಮೊದಲು ನನ್ನ ಮೇಲೆ ಬಿದ್ದಿರಲಿಲ್ಲ, ಆಮೇಲೂ ಬೀಳಲಿಲ್ಲ.

"ಕಾಯಂ ಆದ್ರೆ ಕ್ವಾರ್ಟ್ರಸ್ಸೂ ಕೊಡ್ತಾರಾ ಸ್ವಾಮಿ?" ಎಂದು ಕೇಳಿದಳು. ಸೋರುವ ನಮ್ಮ ಮನೆಯ ವಿಷಯ ಅವರಿಗೆ ಗೊತ್ತಿತ್ತು. ನಕ್ಕರು.

"ಮೊದ್ಲು ಅರ್ಜಿ ಕೊಡು ತಾಯಿ."

ಆ ಬೇಸಿಗೆಯ ನಡುವೆ ಒಂದು ಸಂಗತಿ ನಡೆದಿತ್ತು. ನನಗೆ ಸೀತಾಳೆ ಸಿಡುಬು ಎದ್ದಿತ್ತು. ನಮ್ಮಲ್ಲಿ ಅದನ್ನು ಅಮ್ಮ ಬಂದಿದ್ದಾಳೆ ಅನ್ನುತ್ತಾರೆ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ ಮನೆಯಿಂದ ಹೊರಗಿನವರಿಗೆ ಒಂದು ಲೋಟ ನೀರನ್ನೂ ಕೊಡುವಂತಿಲ್ಲ. ಇನ್ನು ಗಾಡಿಗಟ್ಟಲೆ ಜನಕ್ಕೆ ಹೇಗೆ ಕೊಡುವುದು? ಅಮ್ಮ ಎಂಟು ದಿನ ಮನೆಯಲ್ಲಿ ಉಳಿದಳು. ಅವಳ ಬದಲಿಗೆ ಪಕ್ಕದ ಮನೆಯ ಖಾಲಾ ಹೋದರು. ಉರ್ದು ಮನೆಮಾತಿನ ಅವರನ್ನು ನಾವು ಹಾಗೆಯೇ, ಚಿಕ್ಕಮ್ಮ ಎಂಬರ್ಥದಲ್ಲಿ, ಕರೆಯುತ್ತಿದ್ದುದು. ಅವರೂ ಗಂಡನೂ ರೇಷ್ಮೆ ಗೂಡಿನ ವ್ಯಾಪಾರ ಮಾಡುತ್ತಿದ್ದರು. ನಮ್ಮಿಬ್ಬರ ಮನೆಯ ನಡುವಿನ ಬೇಲಿಯಲ್ಲಿ ಒಬ್ಬರು ನುಸುಳುವಷ್ಟು ಸಂದಿ ಇತ್ತು.

ಖಾಲಾ ಸೆರಗನ್ನು ತಲೆಯ ಮೇಲೆ ಹೊದ್ದು ಅದೇ ಬಕೆಟ್ಟು, ಅದೇ ಚೊಂಬು ಹಿಡಿದು ನೀರು ಹಾಕಿದರು. ಮಸ್ಟರಿನಲ್ಲಿ ಅಮ್ಮನ ಹೆಸರಿನ ಮುಂದೆ ತಮ್ಮ ಹೆಬ್ಬೆಟ್ಟು ಒತ್ತಿದರು. ಬದಲಿ ಕೆಲಸ ಎಂದರೆ ಅದೇ. ಹಳಿ ರಿಪೇರಿಯ ಗ್ಯಾಂಗಿನಲ್ಲೂ ಅಣ್ಣನ ಬದಲಿಗೆ ತಮ್ಮ ಬರುತ್ತಿದ್ದ. ಕೆಲಸ ನಿಲ್ಲಬಾರದು, ಕೆಲಸಗಾರನ ಹೆಸರು ಬಿಟ್ಟುಹೋಗಬಾರದು. ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ.

ಸಂಜೆ ಬೇಲಿಯ ಆಚೆಯಿಂದ ಖಾಲಾ ವರದಿ ಒಪ್ಪಿಸುತ್ತಿದ್ದರು.

"ಇವತ್ತು ಜುಟ್ಟಿನ ಅಯ್ನೋರು ಒಬ್ರು ಎರಡು ಸಲ ಕೈ ಒಡ್ಡಿದ್ರು ಕಣಕ್ಕ. ಪುಣ್ಯ ಬರ್ಲಿ ತಾಯಿ ಅಂದ್ರು. ಅವ್ರು ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

"ಪುಣ್ಯ ಯಾರ್ ಎಸ್ರಿಗೆ ಬಂತೋ?" ಎಂದು ಅಮ್ಮ ಒಳಗಿನಿಂದ ಕೂಗಿದಳು.

"ಹೆಬ್ಬೆಟ್ಟು ನಂದು, ಹೆಸ್ರು ನಿಂದು. ಅರ್ಧರ್ಧ!"

ಮೈತುಂಬ ಗುಳ್ಳೆ ಎದ್ದು ಚಾಪೆಯ ಮೇಲೆ ಮಲಗಿದ್ದ ನಾನೂ ನಕ್ಕಿದ್ದೆ.

ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆದೆ. ಮೂರು ಸಲ ತಿದ್ದಿದೆ. ಹನ್ನೆರಡು ಬೇಸಿಗೆಗಳನ್ನು ಕ್ರಮವಾಗಿ ಇಟ್ಟೆ. ಬರೆಯುತ್ತ ಹೋದಂತೆ ಆ ಎಂಟು ದಿನಗಳು ಅಡ್ಡ ಬಂದವು. ಅವನ್ನು ಬಿಟ್ಟರೆ ಬರೆದದ್ದು ಪೂರ್ತಿ ನಿಜವಾಗುವುದಿಲ್ಲ ಅನ್ನಿಸಿತು. ಅಷ್ಟೇ ಆಗಿದ್ದರೆ ನನ್ನನ್ನು ಕ್ಷಮಿಸಿಕೊಳ್ಳಬಹುದಿತ್ತು. ಆ ದಿನಗಳೇ ಅರ್ಜಿಯ ಬಲ ಎಂದೂ ನಾನು ನಂಬಿದೆ. ಹೀಗೆ ಬರೆದೆ: 'ಮಗಳ ಕಾಯಿಲೆಯಿಂದ ಎಂಟು ದಿನ ಬರಲಾಗದಿದ್ದಾಗಲೂ ಈಕೆ ನೆರೆಮನೆಯವರನ್ನು ತನ್ನ ಬದಲಿಗೆ ಕಳುಹಿಸಿ ಒಂದು ಗಾಡಿಗೂ ನೀರು ತಪ್ಪದಂತೆ ನೋಡಿಕೊಂಡಿದ್ದಾಳೆ.' ಇಂಗ್ಲಿಷಿನಲ್ಲಿ ಆ ವಾಕ್ಯ ಬಹಳ ಚೆನ್ನಾಗಿ ಕೂತಿತ್ತು. ಎರಡು ಸಲ ಗಟ್ಟಿಯಾಗಿ ಓದಿಕೊಂಡೆ.

ಅಮ್ಮನಿಗೆ ಕನ್ನಡದಲ್ಲಿ ಸಾರಾಂಶ ಹೇಳುವಾಗ ಅದನ್ನು ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ, ಅವಳಿಗೆ ಗೊತ್ತಿರುವುದೇ ಅಲ್ಲವೇ ಎಂದು. ಸ್ಟೇಷನ್ ಮಾಸ್ಟರು ಮೊದಲ ಪುಟ ಓದಿ, "ಅಕ್ಷರ ಮುತ್ತಿನ ಹಾಗಿದೆ ಕಣಮ್ಮ," ಎಂದು ಎರಡನೆಯ ಪುಟದ ಕೆಳಗೆ ಸಹಿ ಹಾಕಿದರು.

ಮೂರು ತಿಂಗಳ ಮೇಲೆ ವಿಚಾರಣೆಗೆ ಒಬ್ಬ ಇನ್ಸ್‌ಪೆಕ್ಟರು ಬಂದರು. ಮಳೆ ಹಿಡಿದಿದ್ದರಿಂದ ಆದೇಶ ಬರುವವರೆಗೆ ತೋಟಕ್ಕೆ ಹೋಗುತ್ತಿದ್ದ ಅಮ್ಮ ಅವತ್ತು ಕೆಲಸ ಬಿಟ್ಟು, ಮದುವೆಗೆ ಉಡುವ ಹಸಿರು ಸೀರೆ ಉಟ್ಟು ಬಂದಿದ್ದಳು. ಕಾಯಂ ಮಾಡುವ ಕಾಗದ ತಂದಿದ್ದಾರೆಂದೇ ನಾವು ತಿಳಿದಿದ್ದೆವು. ಅವರು ಮಸ್ಟರ್ ಪುಸ್ತಕವನ್ನು ಮೇಜಿನ ಮೇಲೆ ಬಿಡಿಸಿದರು.

"ಈ ಎಂಟು ದಿನ ಹೆಬ್ಬೆಟ್ಟು ಯಾರದಮ್ಮ?"

ಅಮ್ಮ ತಡಮಾಡಲಿಲ್ಲ. "ನಂದೇ ಸ್ವಾಮಿ."

"ಸರಿಯಾಗಿ ನೋಡ್ ಹೇಳಿ."

"ಅದ್ರಾಗ್ ನೋಡಾದೇನು? ದಿನಾ ನಾನೇ ಒತ್ತಿರೋದು."

ಸ್ಟೇಷನ್ ಮಾಸ್ಟರು ಕಿಟಕಿಯ ಕಡೆ ತಿರುಗಿದ್ದರು. ಅವರ ಕತ್ತು ಬೆವರಿತ್ತು. ಆಗ ನನಗೆ ಅರ್ಥವಾಯಿತು. ಅಷ್ಟು ಹೊತ್ತಿಗೆ ಇನ್ಸ್‌ಪೆಕ್ಟರು ನನ್ನ ಅರ್ಜಿಯ ಎರಡನೆಯ ಪುಟ ತೆಗೆದಿದ್ದರು.

"ನಿಮ್ಮ ಮಗಳೇ ಬರ್ದಿದಾರಲ್ಲಮ್ಮ, ನೀವು ಬರ್ಲೇ ಇಲ್ಲ ಅಂತ. ಏನ್ರೀ, ಇದು ನಿಮ್ಮ ಕೈಬರಹ ತಾನೆ?"

"ಹೌದು."

"ಬರ್ದಿರೋದು ನಿಜಾನಾ, ಸುಳ್ಳಾ?"

ಅಮ್ಮ ನನ್ನ ಕಡೆ ನೋಡಲಿಲ್ಲ. ಮೇಜಿನ ಮೇಲೆ ಮಸಿಯ ಪ್ಯಾಡ್ ಇತ್ತು, ಅದನ್ನೇ ನೋಡುತ್ತಿದ್ದಳು. ಸುಳ್ಳು ಎನ್ನಲು ನನಗೆ ಒಂದು ಕ್ಷಣ ಪೂರ್ತಿ ಸಿಕ್ಕಿತ್ತು. ತಪ್ಪು ತಿಳಿದು ಬರೆದೆ, ಜ್ವರದಲ್ಲಿದ್ದೆ, ನನಗೇನು ಗೊತ್ತಿತ್ತು ಎನ್ನಬಹುದಿತ್ತು. ಯಾರೂ ಅಲ್ಲಗಳೆಯುತ್ತಿರಲಿಲ್ಲ.

"ನಿಜ," ಎಂದೆ.

ಆಮೇಲಿನದು ಬೇಗ ಮುಗಿಯಿತು. ಸುಳ್ಳು ಹೆಬ್ಬೆಟ್ಟಿನ ಎಂಟು ದಿನ ರದ್ದಾದವು. ಅವು ರದ್ದಾದ ಮೇಲೆ ಕೆಲಸ ಎಡೆಬಿಡದೆ ನಡೆದಂತಾಗಲಿಲ್ಲ, ಹಕ್ಕೂ ಬರಲಿಲ್ಲ. ಇನ್ನು ಮುಂದೆ ಈಕೆಯನ್ನು ಯಾವ ಕೆಲಸಕ್ಕೂ ತೆಗೆದುಕೊಳ್ಳಬಾರದೆಂದು ಕಾಗದ ಬಂತು. ಬದಲಿ ಪದ್ಧತಿಯನ್ನು ಕಂಡೂ ಸುಮ್ಮನಿದ್ದ ಸ್ಟೇಷನ್ ಮಾಸ್ಟರಿಗೆ ದೂರದ ಸ್ಟೇಷನ್ನಿಗೆ ವರ್ಗವಾಯಿತು. ಹೊರಡುವ ದಿನ ಪ್ಲಾಟ್‌ಫಾರಮ್ಮಿನಲ್ಲಿ ನಾನು ಎದುರಾದೆ. ಬೈಯಲಿಲ್ಲ. "ಇದ್ದದ್ದು ಇದ್ದ ಹಾಗೆ ಹೇಳಿದ್ರೆ..." ಎಂದು ಗಾದೆ ಶುರು ಮಾಡಿ ಅರ್ಧಕ್ಕೇ ಬಿಟ್ಟು, "ಚೆನ್ನಾಗಿ ಓದಮ್ಮ," ಎಂದರು.

ಇನ್ಸ್‌ಪೆಕ್ಟರು ಖಾಲಾರ ಹೇಳಿಕೆಯನ್ನೂ ಬರೆಸಿಕೊಂಡಿದ್ದರು. ಪೊಲೀಸು ಎಂಬ ಮಾತನ್ನೂ ಆಡಿದ್ದರಂತೆ. ಮಾರನೆಯ ದಿನ ಅವರ ಗಂಡ ಬೇಲಿಯ ಸಂದಿಗೆ ಜಾಲಿಯ ಮುಳ್ಳು ತುಂಬಿದರು. ಖಾಲಾ ಆಚೆ ನಿಂತು, "ನಮ್ಮನೇವ್ರಿಗೆ ಹೆದ್ರಿಕೆ ಅಕ್ಕ, ನಂಗೇನಿಲ್ಲ," ಎಂದರು. ಅಮ್ಮ, "ಇರ್ಲಿ ಬುಡು. ಪುಣ್ಯ ಅರ್ಧರ್ಧ ಅಂದಿದ್ದೆ, ಪಾಪಾನೂ ಅರ್ಧರ್ಧ ಆಯ್ತು," ಎಂದಳು. ಅವತ್ತು ಯಾರೂ ನಗಲಿಲ್ಲ.

ಬೆಳಿಗ್ಗೆ ಅಮ್ಮ ಎಂದಿನಂತೆ ಮುದ್ದೆ ಕಟ್ಟಿ ಡಬ್ಬಿಗೆ ಹಾಕಿ ಕೊಟ್ಟಳು. ನಾನು ಅದೇ ಪ್ಲಾಟ್‌ಫಾರಮ್ಮಿನಿಂದ ಯಶವಂತಪುರದ ಗಾಡಿ ಹತ್ತಿ ಕಾಲೇಜಿಗೆ ಹೋದೆ. ಮುಂದಿನ ಬೇಸಿಗೆ ನೀರಿಗೆ ಯಾರನ್ನೂ ಇಡಲಿಲ್ಲ. ಮಡಕೆಗಳು ಬರಿದಾಗಿದ್ದವು. ಕಿಟಕಿಗಳಿಂದ ಬೊಗಸೆಗಳು ಬರುತ್ತಿದ್ದವು, "ಅಮ್ಮಾ, ನೀರು" ಎಂದು ಕೂಗುತ್ತಿದ್ದರು. ನಾನು ಪುಸ್ತಕ ತೆರೆದು ಕೂರುತ್ತಿದ್ದೆ. ಹಳಿ ಬದಲಾಯಿಸುವಾಗ ಚೌಕಟ್ಟನ್ನು ಕಿತ್ತು ಸೌದೆ ಮಾಡಿಕೊಂಡರು.

ನಾನು ಎಂ.ಎ. ಎರಡನೆಯ ವರ್ಷದಲ್ಲಿದ್ದಾಗ ಅಮ್ಮ ವಿಧವಾ ವೇತನಕ್ಕೆ ಅರ್ಜಿ ಹಾಕಿದಳು. ನನಗೆ ತಿಳಿಸಲಿಲ್ಲ. ಯಲಹಂಕದ ಕಚೇರಿಯ ಎದುರು ಮರದ ಕೆಳಗೆ ಕೂರುವ ಅರ್ಜಿ ಬರೆಯುವವನ ಹತ್ತಿರ ಹೋಗಿ ಬರೆಸಿದ್ದಳು. ಒಂದು ಭಾನುವಾರ ಟ್ರಂಕಿನಲ್ಲಿ ನನ್ನ ಅಂಕಪಟ್ಟಿ ಹುಡುಕುವಾಗ ಅದರ ನಕಲು ಸಿಕ್ಕಿತು. ಕೆಟ್ಟ ಕನ್ನಡ, ಆದರೆ ತಪ್ಪಿಲ್ಲದ ಅಕ್ಷರ. ಅಮ್ಮನ ವಯಸ್ಸನ್ನು ಒಂಬತ್ತು ವರ್ಷ ಏರಿಸಿದ್ದ. ಕೊನೆಯ ಸಾಲಿನಲ್ಲಿ, 'ನನಗೆ ಮಕ್ಕಳು ಯಾರೂ ಇರುವುದಿಲ್ಲ' ಎಂದು ಬರೆದಿದ್ದ. ಕೆಳಗೆ ಅಮ್ಮನ ಹೆಬ್ಬೆಟ್ಟು.

ಹೊರಗೆ ಅಮ್ಮ ರಾಗಿ ಕೇರುತ್ತಿದ್ದಳು. ಕಾಗದ ಹಿಡಿದು ಬಾಗಿಲಲ್ಲಿ ನಿಂತೆ.

"ಅಂಗೆ ಬರುದ್ರೆ ಆಯ್ತದೆ ಅಂದ ಕಣವ್ವ," ಎಂದಳು. ಮೊರ ನಿಲ್ಲಲಿಲ್ಲ. "ನಿನ್ ಕೈಲಿ ಬರ್ಸಿದ್ರೆ ನೀನು ಇದ್ದೀನಿ ಅಂತ ಬರೀತಿದ್ದೆ."

ಎರಡು ತಿಂಗಳಿಗೆ ಮಂಜೂರಾಯಿತು.