ಕಲ್ನಾರಿನ ಬತ್ತಿ ಹೊಸೆದವರು

ಬೀದರಿನ ಚಿದ್ರಿಯಲ್ಲಿ ನೋಡಿದ ಮೊದಲ ಬಾಡಿಗೆ ಮನೆಯೊಳಗೆ ಒಂದು ಕಾಲಿಟ್ಟವಳು, ತಲೆಯೆತ್ತಿ ನೋಡಿ ಇನ್ನೊಂದನ್ನು ಹೊರಗೇ ಉಳಿಸಿಕೊಂಡೆ. ಮೇಲೆ ಆಸ್ಬೆಸ್ಟಾಸ್ ಸಿಮೆಂಟ್ ಶೀಟು. ಒಂದು ಮೂಲೆ ಒಡೆದು ಅಂಚಿನಲ್ಲಿ ಬಿಳಿ ನಾರು ಕಾಣುತ್ತಿತ್ತು. ಹಾಸನದ ಕಡೆಯ ನಮ್ಮೂರು ಬಿಟ್ಟು ರಾಜ್ಯದ ಈ ತುದಿಗೆ ಬಂದರೆ ಇಲ್ಲೂ ಅದೇ ಕಲ್ನಾರು! ಮನೆ ತೋರಿಸುತ್ತಿದ್ದ ಮಾಲೀಕರು ಮಹಾದೇವಕ್ಕ ನನ್ನ ಮುಖ ನೋಡಿ ಗಾಬರಿಯಾದರು.

“ಯಾಕ್ರಿ ಮೇಡಂ, ಹಾವು ಗೀವು ಕಂಡ್ರೇನ್ರಿ?”

ಶೀಟಿನ ಮನೆ ಬೇಡ ಎಂದೆ. ಅದನ್ನಿಲ್ಲಿ ಪತ್ರಾ ಎನ್ನುತ್ತಾರೆ. ಅರ್ಧ ಓಣಿಯ ಮೇಲೆ ಪತ್ರಾ ಇರುವಾಗ ಇವಳದೇನು ಧಿಮಾಕು ಎಂದುಕೊಂಡಿರಬೇಕು. ಆದರೂ ತಮ್ಮ ಮನೆಯ ಮಹಡಿಯ ಕೋಣೆ ಕೊಟ್ಟರು. ಅದಕ್ಕೆ ಗಟ್ಟಿ ಛಾವಣಿ ಇತ್ತು. ಬೇಸಿಗೆಯಲ್ಲಿ ಅದು ಕಾದ ಕಾವಲಿ, ಆ ಮಾತು ಬೇರೆ.

ಬ್ಯಾಂಕಿನವರು ಬಡ್ತಿ ಕೊಟ್ಟು ಇಲ್ಲಿಗೆ ಎಸೆದಿದ್ದರು. ಮುದ್ದೆ ತಿಂದ ಬಾಯಿಗೆ ಜೋಳದ ರೊಟ್ಟಿ ಒಗ್ಗಲು ತಿಂಗಳುಗಳೇ ಬೇಕಾದವು. ಅಲ್ಲಿ ಸೊಪ್ಪಿನ ಸಾರಿಲ್ಲದೆ ಊಟವಿಲ್ಲ, ಇಲ್ಲಿ ತೊಗರಿಬೇಳೆಯಿಲ್ಲದೆ ಮಾತೇ ಇಲ್ಲ. ಮಹಾರಾಷ್ಟ್ರದ ಗಡಿಯ ಔರಾದ ಶಾಖೆಗೆ ಹೋದ ದಿನ ಹೆಂಗಸರು ಮರಾಠಿಯಲ್ಲಿ ಕೇಳುತ್ತಿದ್ದರು, ನಾನು ತಲೆ ಆಡಿಸುತ್ತಿದ್ದೆ. ಇನ್ನು ನನ್ನ ಕನ್ನಡ ಕೇಳಿದರೆ ಟೀವಿಯಲ್ಲಿ ಸುದ್ದಿ ಓದಿದ ಹಾಗಿದೆಯೆಂದು ಮಹಾದೇವಕ್ಕನಿಗೆ ನಗು. ಭಾನುವಾರಗಳಲ್ಲಿ ಮಾತ್ರ ನನಗೆ ನಗು ಬರುತ್ತಿರಲಿಲ್ಲ. ಸುಮ್ಮನೆ ಕೂತು ಅಳುತ್ತಿದ್ದೆ.

ಶ್ರಾವಣ ಬಂತು. ಮಹಾದೇವಕ್ಕ ಪಡಸಾಲೆಯಲ್ಲಿ ಹತ್ತಿ ಹರಡಿಕೊಂಡು ಬತ್ತಿ ಹೊಸೆಯಲು ಕೂತಾಗ ನಾನೂ ಕೂತೆ. ನನ್ನ ಕೈ ನೋಡಿ, ಎಷ್ಟು ಸಣ್ಣಗೆ ಹೊಸೆಯುತ್ತೀ, ಯಾರು ಕಲಿಸಿದರು ಎಂದು ಕೇಳಿದರು. ಅಕ್ಕ ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು, ಆಗಲಿಲ್ಲ.

ನಮ್ಮೂರ ಗುಡ್ಡದಲ್ಲಿ ಮುಚ್ಚಿಹೋದ ಕಲ್ನಾರಿನ ಗಣಿಯಿತ್ತು. ಗಂಡುಹುಡುಗರು ಅದರ ಗುಡ್ಡೆಗಳ ಮೇಲಿಂದ ಜಾರಿ ಕೆರೆಗೆ ಓಡುತ್ತಿದ್ದರು. ನಾವು ಹುಡುಗಿಯರು ಕೂತು ಕಲ್ಲಿನಿಂದ ನಾರು ಬಿಡಿಸಿ, ಊದಿ ಹಗುರ ಮಾಡಿ, ಎಂಜಲು ಹಚ್ಚಿ ಹೂಬತ್ತಿ ಹೊಸೆಯುತ್ತಿದ್ದೆವು. ಎಣ್ಣೆಯಲ್ಲಿ ಅದ್ದಿ ಹಚ್ಚಿದರೆ ದೀಪ ಉರಿಯುತ್ತಿತ್ತು, ಬತ್ತಿ ಸುಡುತ್ತಿರಲಿಲ್ಲ. ಅಮ್ಮಂದಿರಿಗೆ ಅದೇ ದೊಡ್ಡ ಸಂಭ್ರಮ, ಇನ್ನಷ್ಟು ಮಾಡಿಕೊಂಡು ಬನ್ನಿ ಎನ್ನುತ್ತಿದ್ದರು. ನಮ್ಮಲ್ಲಿ ಅಕ್ಕನ ಬತ್ತಿಯೇ ಚಂದ.

ಐವತ್ತು ತುಂಬುವ ಮೊದಲೇ ಅಕ್ಕನಿಗೆ ಉಸಿರು ಕಟ್ಟತೊಡಗಿತು. ಕಾರ್ಖಾನೆಯಲ್ಲಿ ದುಡಿದಿದ್ದೀರಾ ಎಂದು ಡಾಕ್ಟರು ಕೇಳಿದರು. ಇಲ್ಲ, ಮನೆಗೆಲಸ ಎಂದಳು. ಕ್ಷಯವೆಂದು ತಿಂಗಳುಗಟ್ಟಲೆ ಮಾತ್ರೆ ನುಂಗಿಸಿದರು. ಶ್ವಾಸಕೋಶದ ಹೊದಿಕೆಗೆ ಹಿಡಿದ ಕ್ಯಾನ್ಸರ್, ಕಲ್ನಾರಿನ ದೂಳಿನಿಂದ ಬಂದದ್ದು ಎಂದು ಗೊತ್ತಾಗುವಷ್ಟರಲ್ಲಿ ಅವಳ ಮೈಯಲ್ಲಿ ಏನೂ ಉಳಿದಿರಲಿಲ್ಲ, ಅವಳೂ ಉಳಿಯಲಿಲ್ಲ.

ಮಹಾದೇವಕ್ಕ ಹತ್ತಿ ಬದಿಗಿಟ್ಟರು.

“ಮತ್ತ ನೀ ಡಾಕ್ಟರಿಗೆ ತೋರ್ಸೀ ಏನ್ ತಂಗಿ?”

ತೋರಿಸಿರಲಿಲ್ಲ. ಮಹಡಿ ಹತ್ತುವಾಗ ನನಗೂ ಏದುಸಿರು ಬರುತ್ತಿತ್ತು. ಬಿಸಿಲಿನದು ಎಂದು ನನಗೆ ನಾನೇ ಸುಳ್ಳು ಹೇಳಿಕೊಳ್ಳುತ್ತಿದ್ದೆ. ಗೊತ್ತಾದರೆ ಏನು ಮಾಡುವುದೆಂಬ ಹೆದರಿಕೆ, ಅಷ್ಟೇ.

ಮರುದಿನ ಅವರೇ ಎಬ್ಬಿಸಿಕೊಂಡು ಆಸ್ಪತ್ರೆಗೆ ಹೊರಟರು. ಭಾಲ್ಕಿಯಿಂದ ಬರುವ ಹರೆಯದ ಡಾಕ್ಟರು ಕೆಲಸ ಏನು ಎಂದು ಕೇಳಿದರು. ಬ್ಯಾಂಕ್ ಎಂದೆ. ಅವರು ಮುಂದಿನ ಪ್ರಶ್ನೆಗೆ ಹೋದರು. ನಾನು ಅದಕ್ಕೆ ಉತ್ತರ ಹೇಳತೊಡಗಿದೆ.

“ಬ್ಯಾಂಕ್ ಈಗ್ರಿ ಡಾಕ್ಟರ್ ಸಾಬ್,” ಎಂದರು ಮಹಾದೇವಕ್ಕ. “ಸಣ್ಣಾಕಿ ಇದ್ದಾಗ ಏನ್ ಆಟ ಆಡ್ಯಾಳ, ಅದನ್ನ ಕೇಳ್ರಿ.”

ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿದರು. ಸ್ಕ್ಯಾನಿನಲ್ಲಿ ಹೊದಿಕೆ ಅಲ್ಲಲ್ಲಿ ದಪ್ಪಗಾಗಿರುವುದು ಕಂಡಿತು. ಇವತ್ತಿಗೆ ಕ್ಯಾನ್ಸರ್ ಅಲ್ಲ ಎಂದರು. ಮುಂದೆ ಬರುವುದೇ ಇಲ್ಲ ಎಂದು ಹೇಳಲಾರೆ, ವರ್ಷಕ್ಕೊಮ್ಮೆ ತಪ್ಪದೆ ಬನ್ನಿ ಎಂದರು.

ಆ ಸಂಜೆಯೇ ರುಕ್ಕುವಿಗೆ ಫೋನು ಮಾಡಿದೆ. ನಮ್ಮ ಜೊತೆ ಬತ್ತಿ ಹೊಸೆದವಳು, ಈಗಲೂ ಊರಲ್ಲೇ ಇರುವವಳು. ಮಾತಿಗಿಂತ ಕೆಮ್ಮೇ ಹೆಚ್ಚು ಕೇಳಿಸಿತು. ಡಾಕ್ಟರಿಗೆ ಗಣಿಯ ವಿಷಯ ಹೇಳಿದೆಯಾ ಎಂದೆ.

“ಕೆಲ್ಸ ಏನು ಅಂದ್ರು, ಮನೆಗೆಲ್ಸ ಅಂದೆ. ಊರಲ್ಲಿ ಈ ಮಾತೆತ್ತಬೇಡ ಕಣೇ, ಮಗಳಿಗೆ ಗಂಡು ನೋಡ್ತಿದೀವಿ.”

ಫೋನು ಇಟ್ಟಳು. ಮತ್ತೆ ಮಾಡಿದರೆ ಎತ್ತುತ್ತಿಲ್ಲ.

ವರ್ಗ ಮಾಡಿಸಿಕೊಂಡು ಊರಿಗೆ ಬಾ, ಒಳ್ಳೆ ಗಾಳಿಯಿದೆ ಎಂದು ತಮ್ಮ ಕರೆಯುತ್ತಾನೆ. ಆ ಗಾಳಿಯೆಂದರೆ ನನಗೆ ಭಯ, ಆ ಊರೆಂದರೆ ಪ್ರಾಣ. ಹೋದರೆ ನನ್ನನ್ನು ಎಳೆದುಕೊಂಡು ಹೋಗಿ ಡಾಕ್ಟರ ಮುಂದೆ ನಿಲ್ಲಿಸುವವರು ಅಲ್ಲಿ ಯಾರೂ ಇಲ್ಲ. ರುಕ್ಕುವಿಗೂ ಯಾರೂ ಇಲ್ಲ. ಡಾಕ್ಟರ ಮುಂದೆ ಅವಳ ಪಕ್ಕದ ಕುರ್ಚಿಯಲ್ಲಿ ಕೂತು, ಅವಳು ಆಡಿದ ಆಟವನ್ನು ನಾನು ಹೇಳಬೇಕಿತ್ತು. ನಾನು ಬೀದರಿನಲ್ಲಿದ್ದೇನೆ.