ಮಾವನ ಕಾಫಿ, ಅಳಿಯನ ಕಿವಿ

ಪಕ್ಕದಲ್ಲಿ ಯಾರಾದರೂ ಚಪಾತಿ ಅಗಿದರೂ ಪೂರ್ಣೇಶನಿಗೆ ಕೇಳಿಸುತ್ತಿತ್ತು. ಕೇಳಿಸಿದರೆ ಮುಗಿಯಿತು, ಎದೆ ಬಡಿದುಕೊಂಡು ಮೈಯೆಲ್ಲ ಬಿಸಿಯಾಗುತ್ತಿತ್ತು. ನಿಶ್ಶಬ್ದದ ಜಾಗವೆಂದು ನಂಬಿ ಹೊಸನಗರದ ಗ್ರಂಥಾಲಯವೊಂದರಲ್ಲಿ ಕೆಲಸಕ್ಕೆ ಸೇರಿದ್ದ. ಅಲ್ಲಿ ದಿನಾ ಪೇಪರ್ ಓದಲು ಬರುತ್ತಿದ್ದ ಮುಕುಂದಯ್ಯನವರು ಬೆರಳನ್ನು ನಾಲಿಗೆಗೆ ಪಚಕ್ಕನೆ ತಾಗಿಸದೆ ಒಂದು ಪುಟವನ್ನೂ ತಿರುವುತ್ತಿರಲಿಲ್ಲ. ಒಮ್ಮೆ ರಿಪ್ಪನ್‌ಪೇಟೆಯಿಂದ ಬರುವಾಗ ಹಿಂದಿನ ಸೀಟಿನವರು ಚಿಪ್ಸ್ ಪೊಟ್ಟಣ ಬಿಚ್ಚಿದರೆಂದು ನಡುದಾರಿಯಲ್ಲೇ ಬಸ್ಸಿಳಿದು ಮೂರು ಮೈಲಿ ನಡೆದಿದ್ದ. ಹೆಂಡತಿ ಸೌಜನ್ಯಾಳಿಗೆ ಬಸ್ಸು ಕೆಟ್ಟಿತ್ತೆಂದು ಹೇಳಿದ್ದ.

ಇದನ್ನೆಲ್ಲ ಹೇಗೋ ನಿಭಾಯಿಸಿದವನು ಸೋತದ್ದು ತೀರ್ಥಹಳ್ಳಿಯ ಮಾವ ಶೇಷಪ್ಪಗೌಡರ ಎದುರು. ಗೌಡರು ಧಾರಾಳ ಮನಸ್ಸಿನವರು. ಆದರೆ ಕಾಫಿ ಕುಡಿಯುವುದೆಂದರೆ ಅವರಿಗೆ ಸೊರ್ರೆಂದು ಎಳೆದು, ಹಾ ಎಂದು ಉಸಿರು ಬಿಡುವುದು. ಊಟವೂ ಅದೇ ಉತ್ಸಾಹದ್ದು. ಮದುವೆಯಾದ ವರ್ಷವೇ ಪೂರ್ಣೇಶ ಬೆನ್ನುನೋವು, ಒರಗಿ ಕೂರಬೇಕೆಂದು ತಟ್ಟೆ, ಲೋಟ ಹಿಡಿದು ಜಗುಲಿಗೆ ಹೋಗತೊಡಗಿದ. ಉಣ್ಣುವ ಹೊತ್ತಿಗೆ ಬಂದು ಕೈ ತೊಳೆದ ಕೂಡಲೇ ಹೋಗುವ ಆ ಬೆನ್ನುನೋವು ಆರು ವರ್ಷ ನಡೆಯಿತು. ಅತ್ತೆ ಶಾಂತಮ್ಮ ಪಾಪ, ಎಣ್ಣೆ ಕಾಯಿಸಿ ಕೊಟ್ಟರು. ಗೌಡರು ಮಾತ್ರ ಒಂದು ದಿನ ಮಗಳನ್ನು ಕರೆದು ಕೇಳಿದರು.

"ನಿನ್ ಗಂಡಂಗೆ ನಮ್ ಜೊತೆ ಕೂತು ಉಣ್ಣಕ್ಕೆ ಎಂತ ಕಷ್ಟ? ನಾವೆಂತ ಅಷ್ಟು ಕೀಳಾ?"

ಮನೆಗೆ ಬಂದು ಸೌಜನ್ಯಾ ಗಟ್ಟಿಯಾಗಿ ಕೇಳಿದ ಮೇಲೆ ಪೂರ್ಣೇಶ ಬಸ್ಸಿನ ಕಥೆಯಿಂದ ಹಿಡಿದು ಎಲ್ಲ ಒಪ್ಪಿಕೊಂಡ. ಅವಳು ಮೊದಲು ನಕ್ಕಳು. ಅವನ ಕಣ್ಣು ತುಂಬಿದ್ದು ಕಂಡು ಪಕ್ಕದಲ್ಲಿ ಬಂದು ಕೂತಳು. ಮರುವಾರವೇ ಸಾಗರದ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

"ಕಿವಿ ಚೆನ್ನಾಗಿದೆ," ಎಂದರು ಡಾಕ್ಟರು. "ಕೆಲವರಿಗೆ ಇಂಥ ಸಣ್ಣ ಸದ್ದೇ ಹಿಂಸೆ. ಮಿಸೊಫೋನಿಯಾ ಅಂತಾರೆ. ಮನೆಯವರಿಗೆ ಹೇಳ್ಬಿಡಿ. ಆ ಸದ್ದನ್ನ ಜೊತೇಲಿ ತಾವೂ ಮಾಡಿದ್ರೆ ಕೆಲವರಿಗೆ ಸ್ವಲ್ಪ ತಡೆಯಕ್ಕಾಗತ್ತೆ."

ತನ್ನ ಕಷ್ಟಕ್ಕೊಂದು ಹೆಸರಿದೆಯೆಂಬ ಖುಷಿಯಲ್ಲಿ ಪೂರ್ಣೇಶ ಡಾಕ್ಟರ ಚೀಟಿಯನ್ನು ದಾರಿಯುದ್ದಕ್ಕೂ ಜೇಬಿನಲ್ಲಿ ಮುಟ್ಟಿ ಮುಟ್ಟಿ ನೋಡಿಕೊಂಡ. ಭಾನುವಾರ ತೀರ್ಥಹಳ್ಳಿಗೆ ಹೋಗಿ ಮಾವನ ಮುಂದೆ ಎಲ್ಲ ಹೇಳಿದ. ಗೌಡರು ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡರು.

"ಆರು ವರ್ಷ ಬಾಯಿ ಬಿಡ್ಲಿಲ್ವಲ್ಲ ಮಾರಾಯ್ರೆ. ನನ್ ಮುಖ ಕಂಡ್ರೆ ನಿಮಗಾಗಲ್ಲ ಅಂದ್ಕಂಡಿದ್ದೆ."

ಆಗಲೇ ಶಾಂತಮ್ಮ ಕಾಫಿ ತಂದರು. ಅಳಿಯನಿಗಾಗಿ ಗೌಡರು ಸದ್ದಿಲ್ಲದೆ ಒಂದು ಗುಟುಕು ನುಂಗಿದರು. ನಾಲಿಗೆ ಸುಟ್ಟು ಕಣ್ಣಲ್ಲಿ ನೀರು ಬಂತು. ಎರಡನೆಯದಕ್ಕೆ ಲೋಟವನ್ನೇ ದೂರ ಸರಿಸಿದರು. "ಹಿಂಗೆ ಕುಡಿದ್ರೆ ಕಷಾಯ ಕುಡ್ದಂಗಾಗತ್ತೆ."

ಪೂರ್ಣೇಶನಿಗೆ ಅಯ್ಯೋ ಅನ್ನಿಸಿತು. "ನೀವು ನಿಮ್ ಥರಾನೇ ಕುಡೀರಿ ಮಾವ. ನಾನೂ ಹಂಗೇ ಕುಡೀತೀನಿ."

ಗೌಡರು ಎಳೆದರು. ಇವನೂ ಸೊರ್ರೆಂದು ಎಳೆದ. ಎದೆ ಬಡಿದುಕೊಂಡಿತು, ಆದರೆ ಎದ್ದು ಓಡುವಷ್ಟಲ್ಲ. ಮೂರನೆಯ ಗುಟುಕಿಗೆ ಗೌಡರು ಗುರುಗಳಾದರು.

"ಅಷ್ಟು ಜೋರು ಎಳೆದ್ರೆ ನೆತ್ತಿಗೆ ಹತ್ತತ್ತೆ. ತುಟಿ ತುದೀಲಿ ಎಳೀರಿ."

ಒಳಗಿಂದ ಬಂದ ಸೌಜನ್ಯಾ ಇಬ್ಬರನ್ನೂ ನೋಡಿ, ತನ್ನ ಲೋಟ ಎತ್ತಿಕೊಂಡು ಅಡುಗೆಮನೆಗೆ ವಾಪಸಾದಳು.

ಈಗ ಕಾಫಿಯ ಮಟ್ಟಿಗೆ ಮಾವ ಅಳಿಯ ರಾಜಿಯಾಗಿದ್ದಾರೆ. ಕೋಳಿಸಾರಿನ ದಿನ ಮಾತ್ರ ಗೌಡರು ಮೂಳೆಗೆ ಕೈ ಹಾಕುವ ಮೊದಲೇ ಹೆಂಡತಿಗೆ ಹೇಳುತ್ತಾರೆ: "ಅಳಿಯಂದ್ರಿಗೆ ಜಗುಲೀಲಿ ಬಡ್ಸೇ."