ಎದ್ದ ಅಜ್ಜನನ್ನು ಬಿಟ್ಟು ಓಡಿದವರು

ರಾಯಚೂರಿನಲ್ಲಿ ಕಾಲೇಜು ಓದುವಾಗ ನನಗೆ ಹೆಣ ಏಳುವ ಸಿನಿಮಾಗಳ ಹುಚ್ಚು ಹಿಡಿದಿತ್ತು. ಎಂಬತ್ತರ ದಶಕದ ನಡುವಿನ ಮಾತು. ಸ್ಟೇಷನ್ ಕಡೆಗೆ ಒಂದು ತಗಡಿನ ಶೆಡ್ಡಿನಲ್ಲಿ ಟಿ.ವಿ., ವಿ.ಸಿ.ಆರ್. ಇಟ್ಟು ಮಧ್ಯಾಹ್ನದ ಹೊತ್ತು ವಿದೇಶಿ ಕ್ಯಾಸೆಟ್ ಹಾಕುತ್ತಿದ್ದರು. ಅದರ ಇಂಗ್ಲಿಷು ನಮಗೆ ಯಾರಿಗೂ ತಿಳಿಯುತ್ತಿರಲಿಲ್ಲ, ತಿಳಿಯುವ ಅಗತ್ಯವೂ ಇರಲಿಲ್ಲ. ಗೋರಿಯಿಂದ ಎದ್ದ ಹೆಣಗಳು ಕೈ ಚಾಚಿ ಬರುತ್ತಿದ್ದವು, ಬದುಕಿದ್ದವರು ಓಡುತ್ತಿದ್ದರು. ಶೆಡ್ಡಿನ ಮಾಲೀಕ ಹಿಂದೆ ನಿಂತು, "ಅಬ್ ದೇಖೋ, ಮುರ್ದಾ ಉಠ್ತಾ," ಎಂದು ಹೆಣ ಏಳುವುದನ್ನು ಮೊದಲೇ ಹೇಳಿ ಮಜಾ ಕೆಡಿಸುತ್ತಿದ್ದ. ಅವನ ಮೇಲೆ ಸಿಟ್ಟು ಬರುತ್ತಿತ್ತು. ಆದರೂ ಮರುದಿನ ಮತ್ತೆ ಹೋಗುತ್ತಿದ್ದೆ.

ನಿಜ ಹೇಳಬೇಕೆಂದರೆ ನಮ್ಮೂರ ದೆವ್ವಗಳ ಬಗ್ಗೆ ನನಗೆ ಬೇಸರ ಬಂದಿತ್ತು. ಮಾನ್ವಿಯ ದೆವ್ವಕ್ಕೆ ಮನೆತನ, ತೀರದ ಆಸೆ, ಹಳೆಯ ಜಗಳ ಎಲ್ಲವೂ ಇರುತ್ತದೆ. ಹುಣಸೆಮರದ ಕೆಳಗೆ ನಿಂತದ್ದು ಯಾರ ಸೊಸೆ ಎಂದು ಊರಿಗೆಲ್ಲ ಗೊತ್ತು. ಅದಕ್ಕೊಂದು ಸೀರೆ ಇಟ್ಟು ಸಮಾಧಾನ ಮಾಡಬೇಕು. ಸಿನಿಮಾದ ಹೆಣಕ್ಕೆ ಅಂಥ ರಗಳೆ ಇಲ್ಲ. ಅದು ಯಾರ ಅಪ್ಪನೂ ಅಲ್ಲ, ಯಾರ ಗಂಡನೂ ಅಲ್ಲ. ಅದನ್ನು ನೋಡಿ ಆರಾಮಾಗಿ ಹೆದರಬಹುದು, ಅದರ ತಲೆ ಒಡೆದರೆ ಚಪ್ಪಾಳೆ ಹೊಡೆಯಬಹುದು. ನಾನು ಹೊಡೆದಿದ್ದೇನೆ.

ಅದೇ ವರ್ಷ, ಮಾನ್ವಿಯಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದ ನಮ್ಮಜ್ಜ ಬೆಳಗಿನ ಚಹಾ ಕುಡಿದು ಗೋಡೆಗೆ ಒರಗಿದವನು ಹಾಗೆಯೇ ಹೋಗಿಬಿಟ್ಟ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈ ಸೆಟೆಯುವ ಮೊದಲೇ ಕಾಲು ಮಡಚಿ ಕೂರಿಸಿ, ವಿಭೂತಿ ಬಳಿದು, ರುಮಾಲು ಸುತ್ತಿ, ಎದೆಗೆ ಬಟ್ಟೆ ಹಾಯಿಸಿ ಗೋಡೆಯ ಗೂಟಕ್ಕೆ ಕಟ್ಟುತ್ತಾರೆ. ಮಣ್ಣು ಮಾಡುವುದೂ ಕೂತ ಹಾಗೆಯೇ. ನಾನು ಬಸ್ಸಿಳಿದು ಓಡಿ ಬಂದರೆ ಅಜ್ಜ ಪಡಸಾಲೆಯಲ್ಲಿ ಕೂತಿದ್ದ, ಗಿರಾಕಿ ಬಂದರೆ ಮಾತಾಡಿಸುವವನ ಹಾಗೆ. ಬಟ್ಟೆಯ ಗಂಟು ಸಡಿಲವಾಗಿರುವುದನ್ನು ಕಂಡ ಕಾಕಾ ನನ್ನನ್ನೇ ಕರೆದ.

"ಗಟ್ಟಿ ಕಟ್ಟಲೇ. ಕಟ್ಟಿ ಬಾಜೂಕ ಕುಂಡ್ರು."

ಕಟ್ಟಿದೆ. ಆದರೆ ಅಜ್ಜನ ಎದೆಯ ಮೇಲೆ ಬಟ್ಟೆ ಜಗ್ಗಲು ನನಗೆ ಕೈ ಬರಲಿಲ್ಲ. ಅವನಿಗೆ ನೋವಾದೀತು ಎನ್ನಿಸಿತು. ಸತ್ತವನಿಗೆ ಎಂಥ ನೋವು? ಆದರೂ ಬಿಗಿಯಲಿಲ್ಲ.

ದೇವದುರ್ಗದಿಂದ ಸೋದರತ್ತೆ ಬರುವವರೆಗೆ ಎಲ್ಲರೂ ಕಾದೆವು. ಬಂದವಳೇ ಅಜ್ಜನ ಎರಡೂ ಮೊಣಕಾಲು ಹಿಡಿದು ಅಲ್ಲಾಡಿಸಿದಳು.

"ಏಳೋ ಯಪ್ಪಾ, ನಾ ಬಂದೀನಿ! ಒಂದ್ಸಲ ಕಣ್ಣ ತೆರಿ, ಮಗಳ ಕೂಡ ಮಾತಾಡೋ!"

ಸುತ್ತ ಕೂತ ಹೆಂಗಸರೂ ಏಳು, ಏಳು ಎಂದು ದನಿಗೂಡಿಸಿದರು. ನನ್ನ ಗಂಟು ಬಿಚ್ಚಿತು. ಅಜ್ಜ ಮುಂದಕ್ಕೆ ಬಾಗಿದ. ಎದೆಯಲ್ಲಿ ಉಳಿದಿದ್ದ ಗಾಳಿ 'ಹಾಂ' ಎಂದು ಬಾಯಿಂದ ಹೊರಬಂತು, ಅವನ ತಣ್ಣನೆಯ ಕೈ ನನ್ನ ತೊಡೆಯ ಮೇಲೆ ಬಿತ್ತು.

"ಅಜ್ಜ ಎದ್ದ!" ಎಂದು ಕಿರುಚಿ ಅಂಗಳಕ್ಕೆ ಓಡಿದೆ. ಗಂಟು ಕಟ್ಟಿದವನೇ ನಾನು, ಏನಾಯಿತೆಂದು ನನಗಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನನ್ನ ಕೂಗಿಗೆ ಭಜನೆಯವರು ತಾಳ ಬಿಸಾಕಿ ಎದ್ದರು. ಏಳು ಏಳು ಎಂದು ಕರೆದ ಅತ್ತೆಯೇ ಎಲ್ಲರಿಗಿಂತ ಮುಂದೆ ಓಡಿದಳು. ನೋಡನೋಡುತ್ತ ಪಡಸಾಲೆ ಖಾಲಿಯಾಯಿತು.

ಬಾಗಿಲಾಚೆಯಿಂದ ತಿರುಗಿ ನೋಡಿದೆ. ಒಳಕೋಣೆಯಲ್ಲಿ ಮಂಕಾಗಿ ಕೂತಿದ್ದ ಅಜ್ಜಿ ಹೊರಬಂದು, ಅವಳೊಬ್ಬಳೇ, ಅವನ ಕಡೆಗೆ ಓಡುತ್ತಿದ್ದಳು. ಬಾಗಿದ ತಲೆಯನ್ನು ಎದೆಗೆ ಆನಿಸಿಕೊಂಡಳು.

"ಯಾರಾರ ನೀರು ತರ್ರೋ! ಮುಂಜಾನಿಂದ ಬಾಯಿ ಒಣಗ್ಯದ!"

ಅವಳ ಮುಖದಲ್ಲಿದ್ದ ಸಂತೋಷವನ್ನು ನಾನು ಆಮೇಲೆ ಯಾವ ಮದುವೆಮನೆಯಲ್ಲೂ ಕಂಡಿಲ್ಲ. ನಾನು ಹೊಸ್ತಿಲು ದಾಟಲಿಲ್ಲ. ಯಾರೂ ನೀರು ತರಲಿಲ್ಲ. ಪಕ್ಕದಲ್ಲಿದ್ದ ತಂಬಿಗೆಯನ್ನು ಅವಳೇ ಎಳೆದುಕೊಂಡು ಅವನ ತುಟಿಗೆ ಹಿಡಿದಳು. ನೀರು ಗಲ್ಲದಿಂದ ಇಳಿದು ಎದೆಯ ವಿಭೂತಿಯನ್ನೆಲ್ಲ ತೊಳೆಯಿತು. ಅವಳು ಮತ್ತೆ ಹಿಡಿದಳು, ಮತ್ತೆ ಇಳಿಯಿತು. ಕೊನೆಗೆ ಕಾಕಾ ಒಳಗೆ ಹೋಗಿ ತಂಬಿಗೆ ಕಸಿದುಕೊಂಡು, ಬಟ್ಟೆಯನ್ನು ಬಿಗಿಯಾಗಿ ಕಟ್ಟಿದ. ಸಂಜೆಯೊಳಗೆ ಮಣ್ಣಾಯಿತು.

ಮೂರನೆಯ ದಿನ ಅಜ್ಜಿಯ ಕಾಲು ಹಿಡಿದೆ. "ತಪ್ಪಾತು ಯವ್ವಾ. ಅಜ್ಜ ಎದ್ದಿದ್ದಿಲ್ಲ. ನಾ ಗಂಟು ಸಡ್ಲ ಕಟ್ಟಿದ್ದೆ."

ಅವಳು ನನ್ನ ತಲೆ ಸವರಿದಳು.

"ಗಂಟಿನ ಮಾತು ಬಿಡು ತಮ್ಮಾ. ಎದ್ದಿದ್ದ. ಎದ್ದು ನೋಡ್ದ. ಮಗಳು, ಮೊಮ್ಮಗ, ಎಲ್ಲಾರೂ ತನ್ನ ನೋಡಿ ಓಡಾಕತ್ತಿದ್ರು. ಇವ್ರಿಗೆ ತಾ ಬ್ಯಾಡ ಅಂತ ತಿಳಕೊಂಡ. ನಾ ಬರೋದ್ರೊಳಗ ಹೋಗಿಬಿಟ್ಟ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಆಮೇಲೆ ಎಂಟು ವರ್ಷ ಬದುಕಿದಳು. ಆ ಮಾತನ್ನು ಅವಳ ಮನಸ್ಸಿನಿಂದ ತೆಗೆಯಲು ನನ್ನಿಂದ ಆಗಲೇ ಇಲ್ಲ.